ಭುಜದ ನೋವಿಗೆ ಪರಿಹಾರ ಕೇಳಬಹುದೇ?

ನ್ಯೂಜೆರ್ಸಿಯ ಓದುಗರೊಬ್ಬರ ಪತ್ರ: ನಾಲ್ಕು ತಿಂಗಳ ಹಿಂದೆ ಔಷಧಿ ಅಂಗಡಿಯಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡ ರಾತ್ರಿಯಿಂದಲೇ ಎಡಭುಜ ನೋಯುತ್ತಿದೆ, ಜಡೆ ಹೆಣೆಯಲೂ ಕೈ ಮೇಲೇಳುವುದಿಲ್ಲ. ಯಜಮಾನರಿಗೂ ಕೋವಿಡ್ ಲಸಿಕೆಯ ನಂತರ ಹೀಗೇ ನೋವು. ಪರಿಹಾರವಾಗಿ ಹತ್ತು ಲಕ್ಷ ಡಾಲರ್ ಸಿಗುತ್ತದೆಂದು ಗೆಳತಿ ಹೇಳುತ್ತಾಳೆ. ಅಂಗಡಿಯ ಮೇಲೆ ದಾವೆ ಹೂಡಬಹುದೇ? ಹೂಡಿದರೆ ಲಸಿಕೆ ವಿರೋಧಿ ಎನಿಸಿಕೊಳ್ಳುವುದಿಲ್ಲವೇ?

ಸಂಪಾದಕರ ಉತ್ತರ: ಎರಡನೆಯದನ್ನು ಮೊದಲು ಮುಗಿಸಿಬಿಡೋಣ. ಖಂಡಿತ ಇಲ್ಲ. ಲಸಿಕೆ ಸೇರಬೇಕಾದದ್ದು ತೋಳಿನ ಮಾಂಸಖಂಡಕ್ಕೆ. ಸೂಜಿ ತೀರಾ ಮೇಲೆ ಬಿದ್ದರೆ ಕೀಲಿನ ಬಳಿಯ ದ್ರವದ ಚೀಲಕ್ಕೆ ತಗಲಿ ಉರಿಯೂತವಾಗಬಹುದು. ತಪ್ಪು ಲಸಿಕೆಯದ್ದಲ್ಲ, ಚುಚ್ಚಿದ ಜಾಗದ್ದು. ಅಲ್ಲದೆ, ಲಸಿಕೆಯಿಂದಾದ ಗಾಯಕ್ಕೆ ಪರಿಹಾರ ಕೊಡುವ ಕಾಯ್ದೆಯನ್ನು ಅಮೆರಿಕ 1986ರಲ್ಲಿ ತಂದದ್ದೇ ದಾವೆಗಳಿಗೆ ಹೆದರಿ ತಯಾರಕರು ಲಸಿಕೆಯನ್ನೇ ಕೈಬಿಡಬಾರದೆಂದು. ಡೋಸೊಂದು ತಡೆಯುವ ಪ್ರತಿ ರೋಗಕ್ಕೆ 75 ಸೆಂಟ್‌ನಂತೆ ವಸೂಲಾದ ತೆರಿಗೆಯಿಂದ ಪರಿಹಾರ ಸಿಗುತ್ತದೆ.

ಲಸಿಕೆ ಚುಚ್ಚಿದವರಿಗೂ ಈ ಕಾಯ್ದೆ ಅನ್ವಯಿಸುವುದರಿಂದ ಮೊದಲೇ ಅಂಗಡಿಯ ಮೇಲೆ ಹೋಗುವಂತಿಲ್ಲ. ಅರ್ಜಿ ಸಲ್ಲಬೇಕಾದದ್ದು ವಾಷಿಂಗ್ಟನ್‌ನ ಫೆಡರಲ್ ಕ್ಲೇಮ್ಸ್ ನ್ಯಾಯಾಲಯಕ್ಕೆ. ಪ್ರತಿವಾದಿ ಆರೋಗ್ಯ ಇಲಾಖೆಯ ಕಾರ್ಯದರ್ಶಿ. ಪರಿಹಾರಕ್ಕೆ ಅರ್ಹವಾದ ಗಾಯಗಳ ಅಧಿಕೃತ ಪಟ್ಟಿಯಲ್ಲಿ 2017ರಿಂದ ಭುಜದ ಗಾಯವೂ ಇದೆ. ನೋವು 48 ಗಂಟೆಯೊಳಗೆ ಶುರುವಾಗಿರಬೇಕು, ಚುಚ್ಚಿದ ಭುಜದಲ್ಲೇ ಇರಬೇಕು, ಮೊದಲಿನಿಂದ ಅಲ್ಲಿ ತೊಂದರೆ ಇದ್ದಿರಬಾರದು. ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರದಿದ್ದವರಿಗೆ ನೋವು ಆರು ತಿಂಗಳು ಮೀರಿ ಉಳಿದಿರಬೇಕು. ನಿಮಗಿನ್ನೂ ಎರಡು ತಿಂಗಳು ಬಾಕಿ.

ಆದರೆ ವೈದ್ಯರ ಬಳಿ ಹೋಗಲು ಕಾಯಬೇಡಿ. “ತಾನಾಗಿ ಹೋದೀತೆಂದು ಮುಲಾಮು ಹಚ್ಚಿಕೊಂಡು ಕೂತೆ” ಎಂದು ಬರೆದಿದ್ದೀರಿ. ನಮ್ಮ ಹೆಂಗಸರ ಈ ಸಹನೆಗೆ ನ್ಯಾಯಾಲಯದಲ್ಲಿ ಕಿಮ್ಮತ್ತಿಲ್ಲ. ಅಲ್ಲಿ ಮಾತನಾಡುವುದು ವೈದ್ಯರ ಚೀಟಿ. “ಕೆಲವು ತಿಂಗಳಿಂದ ಭುಜನೋವು” ಎಂದು ಅವರು ಗೀಚಿಬಿಟ್ಟರೆ, ಲಸಿಕೆಯ ರಾತ್ರಿಯೇ ಶುರುವಾಯಿತೆಂದು ಆಮೇಲೆ ಸಾಧಿಸುವುದು ಕಷ್ಟ. ದಿನಾಂಕ ಹೇಳಿ ಬರೆಸಿ. ಅಂಗಡಿಯ ದಾಖಲೆಯನ್ನೂ ತರಿಸಿಕೊಳ್ಳಿ. ಎಡಗೈ ಎಂದಿರಬೇಕಾದಲ್ಲಿ ಬಲಗೈ ಎಂದು ಬರೆದಿಟ್ಟು ವರ್ಷಗಟ್ಟಲೆ ವಾದಕ್ಕೆ ದಾರಿಯಾದ ಪ್ರಕರಣಗಳುಂಟು.

ಮೊದಲ ಲಕ್ಷಣ ಕಂಡ ದಿನದಿಂದ ಮೂರು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ವಕೀಲರು ಪರಿಹಾರದಲ್ಲಿ ಪಾಲು ಕೇಳುವಂತಿಲ್ಲ. ಅರ್ಜಿಗೆ ಆಧಾರವಿದ್ದು ಪ್ರಾಮಾಣಿಕವಾಗಿದ್ದರೆ, ಸೋತರೂ ಅವರ ಶುಲ್ಕವನ್ನು ನ್ಯಾಯಾಲಯವೇ ಕೊಡಿಸಬಹುದು. ನಿಮ್ಮ ಗೆಳತಿ ಹೇಳಿದ ಹತ್ತು ಲಕ್ಷ ಡಾಲರ್ ಮಾತ್ರ ಮರೆತುಬಿಡಿ. ನೋವು ಸಂಕಟಕ್ಕೆ ಕೊಡುವ ಮೊತ್ತ 2,50,000 ಡಾಲರ್ ದಾಟುವುದಿಲ್ಲ, ಬಹಳಷ್ಟು ಜನರಿಗೆ ಅದರ ಹತ್ತಿರವೂ ಸಿಗುವುದಿಲ್ಲ. ಚಿಕಿತ್ಸೆಯ ಖರ್ಚು, ಕಳೆದುಕೊಂಡ ಸಂಬಳ ಬೇರೆ.

ನಿಮ್ಮ ಯಜಮಾನರ ಕೋವಿಡ್ ಲಸಿಕೆಗೆ ಈ ದಾರಿಯಿಲ್ಲ. ಅದರ ಯೋಜನೆಯೇ ಬೇರೆ. ಗಡುವು ಲಸಿಕೆ ಹಾಕಿಸಿಕೊಂಡು ಒಂದೇ ವರ್ಷ, ನೋವಿಗೆಂದು ಒಂದು ಡಾಲರೂ ಇಲ್ಲ.