ಕೊನೆಯ ದೊರೆಯೇ ಯಾಕೆ ಯಾವಾಗಲೂ ಕೆಟ್ಟವನು?

ನಮಸ್ಕಾರ.

ನೀವು ಕಳಿಸಿದ ‘ಚೀನಾದ ರಾಜಮನೆತನಗಳು: ನಾಲ್ಕು ಸಾವಿರ ವರ್ಷಗಳ ಹಾದಿ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದನ್ನು ನೀವು ಬರೆಯಬೇಕು ಅನ್ನುವ ಆಸೆಯಿಂದ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ.

ನಿಮ್ಮ ಬರಹದಲ್ಲಿ ಶಿಯಾ, ಷಾಂಗ್, ಝೌ, ಚಿನ್, ಹಾನ್, ತಾಂಗ್, ಸಾಂಗ್, ಯುವಾನ್, ಮಿಂಗ್, ಚಿಂಗ್ ಎಲ್ಲರೂ ಬರುತ್ತಾರೆ. ಪ್ರತಿ ವಂಶಕ್ಕೂ ಎರಡು ಮೂರು ಪ್ಯಾರಾ. ಪ್ರತಿ ಸಲವೂ ಕಥೆ ಒಂದೇ. ಒಬ್ಬ ವೀರ ವಂಶ ಕಟ್ಟುತ್ತಾನೆ, ಮಕ್ಕಳು ಮೊಮ್ಮಕ್ಕಳು ಚೆನ್ನಾಗಿ ಆಳುತ್ತಾರೆ, ಕೊನೆಗೆ ಕುಡುಕನೋ ಹೆಣ್ಣಿನ ಹುಚ್ಚಿನವನೋ ಒಬ್ಬ ಬಂದು ಎಲ್ಲ ಹಾಳು ಮಾಡುತ್ತಾನೆ. ಇದನ್ನು ಓದುವಾಗ ನಿಮಗೇ ಅನುಮಾನ ಬರಲಿಲ್ವಾ? ಇಷ್ಟೊಂದು ವಂಶಗಳು ಒಂದೇ ರೀತಿ ಹುಟ್ಟಿ ಒಂದೇ ರೀತಿ ಸಾಯುತ್ತವಾ?

ನಿಮ್ಮ ಮೊದಲ ಪುಟವನ್ನೇ ತೆಗೆದುಕೊಳ್ಳಿ. ಶಿಯಾ ವಂಶದ ಕೊನೆಯ ದೊರೆ ಜಿಯೆ ಹೆಂಡದ ಕೊಳ ಮಾಡಿಸಿದ, ಮೋ ಶಿ ಎಂಬ ಹೆಣ್ಣಿನ ಮಾತು ಕೇಳಿ ಕೆಟ್ಟ ಅಂತ ಬರೆದಿದ್ದೀರಿ. ಎರಡು ಪ್ಯಾರಾ ಆದ ಮೇಲೆ ಷಾಂಗ್ ವಂಶದ ಕೊನೆಯ ದೊರೆ ಬರುತ್ತಾನೆ. ಅವನೂ ಹೆಂಡದ ಕೊಳ ಮಾಡಿಸಿದ, ದಾ ಜಿ ಎಂಬ ಹೆಣ್ಣಿನ ಮಾತು ಕೇಳಿ ಕೆಟ್ಟ. ಕೊಳವೂ ಅದೇ, ಹೆಣ್ಣಿನ ಮೇಲಿನ ದೂರೂ ಅದೇ. ನೀವು ತಪ್ಪು ಬರೆದಿಲ್ಲ, ಹಳೆಯ ಗ್ರಂಥಗಳಲ್ಲಿ ಹಾಗೇ ಇದೆ. ಆದರೆ ಅದನ್ನು ನಡೆದ ಸಂಗತಿ ಅಂತ ಹಾಗೇ ಒಪ್ಪಿಕೊಂಡಿದ್ದೀರಿ. ಚೀನಾದವರೇ ಇದನ್ನು ಪೂರ್ತಿ ನಂಬಿರಲಿಲ್ಲ. ಕನ್ಫ್ಯೂಷಿಯಸ್‌ನ ಶಿಷ್ಯ ಜಿಗಾಂಗ್ ಹೇಳಿದ ಮಾತೊಂದು ಉಳಿದಿದೆ. ಷಾಂಗ್ ದೊರೆ ಹೇಳುವಷ್ಟು ಕೆಟ್ಟವನಾಗಿರಲಿಲ್ಲ, ತಗ್ಗಿನಲ್ಲಿ ನಿಂತವನ ಕಡೆಗೆ ಲೋಕದ ಕೊಳೆಯೆಲ್ಲ ಹರಿದು ಬರುತ್ತದೆ ಅನ್ನುವುದು ಅವನ ಮಾತಿನ ಸಾರ. ಎರಡೂವರೆ ಸಾವಿರ ವರ್ಷದ ಹಿಂದಿನವನಿಗೆ ಹೊಳೆದ ಅನುಮಾನ ಇವತ್ತು ಬರೆಯುವ ನಮಗೆ ಬರದೇ ಇದ್ದರೆ ಹೇಗೆ?

ಈ ಕಥೆ ಯಾರಿಗೆ ಬೇಕಿತ್ತು ಅಂತ ಕೇಳಿನೋಡಿ. ಕ್ರಿ.ಪೂ. 1046ರ ಸುಮಾರಿಗೆ ಷಾಂಗ್ ದೊರೆಯನ್ನು ಸೋಲಿಸಿ ಝೌ ವಂಶದವರು ಬಂದರು. ದೊರೆಯನ್ನು ಉರುಳಿಸಿ ರಾಜ್ಯ ತೆಗೆದುಕೊಂಡವರು ಜನರಿಗೆ ಕಾರಣ ಕೊಡಬೇಕಲ್ಲ? ಆಕಾಶವೇ ಅವನಿಂದ ಅಧಿಕಾರ ಕಿತ್ತು ನಮಗೆ ಕೊಟ್ಟಿತು, ಅವನು ಅಷ್ಟು ಕೆಟ್ಟಿದ್ದ ಅಂದರು. ಆಮೇಲೆ ಬಂದ ವಂಶಗಳೂ ಇದೇ ವಾದವನ್ನು ಹಿಡಿದುಕೊಂಡವು. ಹಿಂದಿನ ವಂಶದ ಇತಿಹಾಸವನ್ನು ಬರೆಸುವ ಕೆಲಸವೂ ಕ್ರಮೇಣ ಗೆದ್ದು ಬಂದ ವಂಶಕ್ಕೇ ಸೇರಿತು. ನಿಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ದೊಡ್ಡ ತಕರಾರು ಇದೇ.

ತಾಂಗ್ ಕಾಲದ ತೈಜಾಂಗ್‌ನನ್ನು ‘ಆದರ್ಶ ಚಕ್ರವರ್ತಿ’ ಅಂತ ಕರೆದು ಮುಂದೆ ಹೋಗಿದ್ದೀರಿ. 626ರಲ್ಲಿ ರಾಜಧಾನಿಯ ಷುವಾನ್‌ವು ಬಾಗಿಲ ಹತ್ತಿರ ಅವನು ತನ್ನ ಇಬ್ಬರು ಸೋದರರನ್ನು ಮುಗಿಸಿ, ಅಪ್ಪನನ್ನು ಸಿಂಹಾಸನದಿಂದ ಇಳಿಸಿ ದೊರೆಯಾದ. 629ರಲ್ಲಿ ಅವನ ಆಸ್ಥಾನದಲ್ಲೇ ಇತಿಹಾಸ ಬರೆಯುವ ಕಚೇರಿ ಶುರುವಾಯಿತು. ದಿನಚರಿ ಬರೆಯುವ ಚು ಸುಯ್‌ಲಿಯಾಂಗ್‌ನನ್ನು ಅವನು ಒಮ್ಮೆ ಕೇಳುತ್ತಾನೆ: ನೀನು ಬರೆದದ್ದನ್ನು ನಾನು ನೋಡಬಹುದಾ? ದೊರೆಯೇ ತನ್ನ ದಿನಚರಿ ಓದಿದ್ದನ್ನು ನಾನು ಕೇಳಿಲ್ಲ ಅಂತ ಉತ್ತರ. ನನ್ನಲ್ಲಿ ಏನಾದರೂ ತಪ್ಪು ಕಂಡರೆ ಅದನ್ನೂ ಬರೆಯುತ್ತೀಯಾ? ಬರೆಯುವುದೇ ನನ್ನ ಕೆಲಸ ಅನ್ನುತ್ತಾನೆ. ಪಕ್ಕದಲ್ಲಿದ್ದ ಇನ್ನೊಬ್ಬ ಅಧಿಕಾರಿ ಅಲ್ಲಿಗೇ ಬಿಡಲಿಲ್ಲ, ಇವನು ಬರೆಯದಿದ್ದರೂ ಲೋಕವೆಲ್ಲ ಬರೆಯುತ್ತದೆ ಅಂದ. ದೊರೆ ಆಮೇಲೂ ಸುಮ್ನೆ ಕೂರಲಿಲ್ಲ. ಮಂತ್ರಿಗಳಿಂದ ಇತಿಹಾಸದ ಸಂಕ್ಷಿಪ್ತ ಪ್ರತಿ ತರಿಸಿ ಓದಿದ. ಸೋದರರ ಕೊಲೆಯ ಭಾಗ ಮಸುಕಾಗಿತ್ತು. ಮುಚ್ಚಿಡಬೇಡಿ, ನೇರವಾಗಿ ಬರೆಯಿರಿ ಅಂದ. ಜೊತೆಗೆ, ನಾನು ರಾಜ್ಯ ಉಳಿಸಲು ಅದನ್ನು ಮಾಡಿದೆ ಅಂತಲೂ ಸೇರಿಸಿದ. ಇವತ್ತು ನಮಗೆ ಸಿಗುವ ತಾಂಗ್ ಇತಿಹಾಸದಲ್ಲಿ ಅವನ ಅಣ್ಣ ಕೆಟ್ಟವನಾಗಿ, ಅಪ್ಪ ದುರ್ಬಲನಾಗಿ ಕಾಣಿಸುವುದಕ್ಕೆ ಇದರಲ್ಲಿ ಕಾರಣ ಇದೆ. ‘ಆದರ್ಶ ಚಕ್ರವರ್ತಿ’ ಅನ್ನುವ ಎರಡು ಪದಕ್ಕಿಂತ ಈ ಮಾತುಕತೆ ಎಷ್ಟು ಜಾಸ್ತಿ ಹೇಳುತ್ತದೆ ನೋಡಿ.

ಹಾಗಂತ ಹಳೆಯ ಇತಿಹಾಸಕಾರರೆಲ್ಲ ಸುಳ್ಳುಗಾರರು ಅಂತ ಬರೆದುಬಿಡಬೇಡಿ. ಅದು ಇನ್ನೂ ದೊಡ್ಡ ತಪ್ಪು. ಸಿಮಾ ಚಿಯಾನ್ ಬಗ್ಗೆ ‘ಚೀನಾದ ಇತಿಹಾಸದ ಪಿತಾಮಹ’ ಅಂತ ಒಂದೇ ಸಾಲು ಕೊಟ್ಟಿದ್ದೀರಿ. ಸೋತು ಶರಣಾದ ಸೇನಾಪತಿ ಲಿ ಲಿಂಗ್ ಪರವಾಗಿ ಹಾನ್ ಚಕ್ರವರ್ತಿಯ ಎದುರು ಮಾತಾಡಿದ್ದಕ್ಕೆ ಈ ಮನುಷ್ಯನಿಗೆ ಮರಣದಂಡನೆಯ ತೀರ್ಪು ಬಂತು. ಸಾಯುವ ಬದಲು ಪುರುಷತ್ವ ಕಳೆದುಕೊಳ್ಳುವ ಶಿಕ್ಷೆಯನ್ನು ಒಪ್ಪಿಕೊಂಡ. ಆ ಕಾಲದಲ್ಲಿ ಮರ್ಯಾದಸ್ಥರು ಅದಕ್ಕಿಂತ ಸಾವೇ ವಾಸಿ ಅನ್ನುತ್ತಿದ್ದರು. ಅಪ್ಪ ಸಾಯುವಾಗ ಒಪ್ಪಿಸಿದ್ದ ಇತಿಹಾಸದ ಕೆಲಸ ಇನ್ನೂ ಮುಗಿದಿರಲಿಲ್ಲ, ಅದಕ್ಕೇ ಬದುಕಿದೆ ಅಂತ ಅವನೇ ಒಂದು ಪತ್ರದಲ್ಲಿ ಹೇಳಿದ್ದಾನೆ. 130 ಅಧ್ಯಾಯ ಬರೆದು ಮುಗಿಸಿದ. ಅದರಲ್ಲಿ ತನಗಿಂತ ಸಾವಿರ ವರ್ಷ ಹಿಂದಿನ ಷಾಂಗ್ ದೊರೆಗಳ ಪಟ್ಟಿ ಇದೆ. ಅದು ಕಟ್ಟುಕಥೆ ಇರಬಹುದು ಅಂತ ಇಪ್ಪತ್ತನೇ ಶತಮಾನದಲ್ಲೂ ಕೆಲವು ವಿದ್ವಾಂಸರು ಅನುಮಾನ ಪಟ್ಟಿದ್ದರು.

ಆ ಅನುಮಾನ ಬಗೆಹರಿದದ್ದು ಮೂಳೆಗಳಿಂದ. ಔಷಧಿ ಅಂಗಡಿಗಳಲ್ಲಿ ‘ಡ್ರ್ಯಾಗನ್ ಮೂಳೆ’ ಅಂತ ಮಾರುತ್ತಿದ್ದ ಹಳೆಯ ಮೂಳೆಗಳ ಮೇಲೆ ಅಕ್ಷರ ಇದೆ ಅಂತ 1899ರಲ್ಲಿ ವಾಂಗ್ ಯಿರಾಂಗ್ ಎಂಬ ವಿದ್ವಾಂಸ ಗುರುತಿಸಿದ. ಆಮೆಯ ಚಿಪ್ಪು, ದನದ ಹೆಗಲ ಮೂಳೆಗಳನ್ನು ಕಾಯಿಸಿ, ಬಿರುಕು ನೋಡಿ ಷಾಂಗ್ ದೊರೆಗಳು ಶಕುನ ಕೇಳುತ್ತಿದ್ದರು. ಕೇಳಿದ ಪ್ರಶ್ನೆಯನ್ನು ಅದೇ ಮೂಳೆಯ ಮೇಲೆ ಕೆತ್ತಿಸುತ್ತಿದ್ದರು. ಅವುಗಳಲ್ಲಿ ಸಿಕ್ಕ ದೊರೆಗಳ ಹೆಸರು ಸಿಮಾ ಚಿಯಾನ್ ಪಟ್ಟಿಗೆ ಬಹುಮಟ್ಟಿಗೆ ಹೊಂದುತ್ತವೆ ಅಂತ 1917ರಲ್ಲಿ ವಾಂಗ್ ಗುವೋವೆ ತೋರಿಸಿದ. ಷಾಂಗ್ ರಾಜಧಾನಿ ಇದ್ದ ಆನ್‌ಯಾಂಗ್‌ನಲ್ಲಿ 1928ರಿಂದ ಕ್ರಮವಾಗಿ ಉತ್ಖನನ ನಡೆಯಿತು. ನಿಮ್ಮ ಲೇಖನದಲ್ಲಿ ಈ ಮೂಳೆಗಳೇ ಇಲ್ಲ!

ಅವುಗಳಲ್ಲಿ ದೊರೆಗಳು ಹೇಗೆ ಕಾಣುತ್ತಾರೆ ಗೊತ್ತಾ? ಮಳೆ ಬರುತ್ತದಾ, ಬೆಳೆ ಆಗುತ್ತದಾ, ಹಲ್ಲುನೋವಿಗೆ ಯಾವ ಪಿತೃವಿನ ಸಿಟ್ಟು ಕಾರಣ ಅಂತೆಲ್ಲ ಕೇಳುತ್ತಾರೆ. ವು ದಿಂಗ್ ಎಂಬ ದೊರೆ ತನ್ನ ರಾಣಿ ಫು ಹಾವ್‌ಳ ಹೆರಿಗೆ ಸುಖವಾಗಿ ಆಗುತ್ತದಾ ಅಂತ ಕೇಳಿದ ಮೂಳೆಯೊಂದಿದೆ. ಉತ್ತರವೂ ಅದರ ಮೇಲೇ ಇದೆ. 31 ದಿನದ ನಂತರ ಹೆರಿಗೆ ಆಯಿತು, ಒಳ್ಳೆಯದಾಗಲಿಲ್ಲ, ಹುಟ್ಟಿದ್ದು ಹೆಣ್ಣು. ಇದೇ ಫು ಹಾವ್ 13,000 ಜನರ ಸೈನ್ಯದ ಜೊತೆ ಯುದ್ಧಕ್ಕೆ ಹೋಗುವ ಮಾತು ಇನ್ನೊಂದು ಮೂಳೆಯಲ್ಲಿ ಬರುತ್ತದೆ. 1976ರಲ್ಲಿ ಅವಳ ಸಮಾಧಿ ಸಿಕ್ಕಿತು, ಕಳ್ಳರ ಕೈಗೆ ಸಿಗದೆ ಹಾಗೇ ಉಳಿದಿತ್ತು. ಹೆಣ್ಣು ಹುಟ್ಟಿದ್ದನ್ನು ಕೆಟ್ಟದ್ದು ಅಂತ ಕೆತ್ತಿಸಿದ ಆಸ್ಥಾನದಲ್ಲೇ ಹೆಣ್ಣೊಬ್ಬಳು ದಂಡು ತೆಗೆದುಕೊಂಡು ಹೋಗುತ್ತಿದ್ದಳು. ಹೆಂಡದ ಕೊಳದ ಕಥೆಯಲ್ಲಿ ಇಂಥ ಮನುಷ್ಯರು ಸಿಗುವುದೇ ಇಲ್ಲ.

ಕೆಲವು ತಿದ್ದುಪಡಿಗಳನ್ನು ಬೇಗ ಹೇಳಿಬಿಡುತ್ತೇನೆ. ಮಹಾಗೋಡೆ ಚಂದ್ರನಿಂದ ಬರಿಗಣ್ಣಿಗೆ ಕಾಣುವುದಿಲ್ಲ, ಆ ಸಾಲು ತೆಗೆಯಿರಿ. ಪ್ರವಾಸಿಗರು ಫೋಟೊ ತೆಗೆಯುವ ಇಟ್ಟಿಗೆ ಕಲ್ಲಿನ ಗೋಡೆ ಬಹುಪಾಲು ಮಿಂಗ್ ಕಾಲದ್ದು, ಚಿನ್ ವಂಶದ ಮೊದಲ ಚಕ್ರವರ್ತಿಯದ್ದಲ್ಲ. ಶಿಯಾ ವಂಶ ಕ್ರಿ.ಪೂ. 2070ರಲ್ಲಿ ಶುರುವಾಯಿತು ಅಂತ ಖಚಿತವಾಗಿ ಬರೆದಿದ್ದೀರಿ. ಅದು 1996ರಲ್ಲಿ ಚೀನಾ ಸರ್ಕಾರ ಶುರುಮಾಡಿದ ಯೋಜನೆಯೊಂದು ಅಂದಾಜಿಸಿದ ವರ್ಷ. ಶಿಯಾ ಕಾಲದವರೇ ಬರೆದದ್ದು ಅನ್ನಬಹುದಾದ ದಾಖಲೆ ಇದುವರೆಗೆ ಒಂದೂ ಸಿಕ್ಕಿಲ್ಲ. ಹಾಗೆಯೇ ಹೆಸರುಗಳನ್ನು ಒಂದೇ ರೀತಿ ಬರೆಯಿರಿ, ಒಂದೇ ಊರಿಗೆ ಮೂರು ಕಾಗುಣಿತ ಇದೆ.

ಮಂಗೋಲರ ಯುವಾನ್ ಮತ್ತು ಮಂಚುಗಳ ಚಿಂಗ್ ಕಾಲವನ್ನು ‘ಪರಕೀಯರ ಆಳ್ವಿಕೆ’ ಅಂತ ಒಂದೇ ಮಾತಲ್ಲಿ ತಳ್ಳಿಹಾಕಿದ್ದೀರಿ. ನೀವೇ ಹೊಗಳಿರುವ ಯುನ್‌ಗಾಂಗ್ ಗುಹೆಯ ಬುದ್ಧರನ್ನು ಕೆತ್ತಿಸಿದ್ದು ಉತ್ತರದ ಹುಲ್ಲುಗಾವಲಿನಿಂದ ಬಂದ ಶಿಯೆನ್‌ಬೆ ಜನರ ವೆ ವಂಶ. ಬೀಜಿಂಗ್ ಅರಮನೆಯ ಒಳಭಾಗದ ಹಲವು ಫಲಕಗಳಲ್ಲಿ ಚೀನೀ ಲಿಪಿಯ ಪಕ್ಕದಲ್ಲಿ ಮಂಚು ಲಿಪಿ ಇವತ್ತಿಗೂ ಇದೆ. ಯಾರು ಒಳಗಿನವರು, ಯಾರು ಹೊರಗಿನವರು ಅನ್ನುವುದು ನೀವು ಅಂದುಕೊಂಡಷ್ಟು ಸುಲಭ ಅಲ್ಲ.

ಹ್ಯೂಯೆನ್ ತ್ಸಾಂಗ್‌ಗೆ ಅರ್ಧ ವಾಕ್ಯ ಕೊಟ್ಟು ನಳಂದದಲ್ಲೇ ನಿಲ್ಲಿಸಿದ್ದು ನನಗೆ ನಿಜವಾಗಿ ಬೇಸರ ತಂದಿತು. ಅವನು ಇಮ್ಮಡಿ ಪುಲಕೇಶಿಯ ರಾಜ್ಯಕ್ಕೂ ಬಂದಿದ್ದ. ಇಲ್ಲಿನ ಜನ ಉಪಕಾರ ಮರೆಯುವುದಿಲ್ಲ, ಅವಮಾನಕ್ಕೆ ಸೇಡು ತೀರಿಸದೆ ಬಿಡುವುದಿಲ್ಲ, ಆದರೆ ಶತ್ರುವಿಗೆ ಮೊದಲೇ ಹೇಳಿ ಹೋಗುತ್ತಾರೆ ಅಂತ ಬರೆದ. ಸೋತ ಸೇನಾಪತಿಗೆ ಶಿಕ್ಷೆ ಕೊಡದೆ ಹೆಂಗಸರ ಬಟ್ಟೆ ಕೊಡುತ್ತಾರೆ, ಯುದ್ಧಕ್ಕೆ ಮುಂಚೆ ಆನೆಗಳಿಗೂ ಹೆಂಡ ಕುಡಿಸುತ್ತಾರೆ ಅಂತಲೂ ಬರೆದ. ಹರ್ಷ ತಾನೇ ದಂಡೆತ್ತಿ ಬಂದರೂ ಈ ದೊರೆಯನ್ನು ಮಣಿಸಲಾಗಲಿಲ್ಲ ಅನ್ನುವುದು ಅಲ್ಲಿದೆ. ರವಿಕೀರ್ತಿಯ ಐಹೊಳೆ ಶಾಸನ ಹೇಳುವುದೂ ಅದನ್ನೇ. ಶಾಸನ ನಮ್ಮ ದೊರೆಯ ಹೊಗಳಿಕೆ, ಅದನ್ನು ಪೂರ್ತಿ ನಂಬುವುದು ಕಷ್ಟ. ಹರ್ಷನಿಂದ ಸನ್ಮಾನ ಪಡೆದಿದ್ದ ಹೊರಗಿನವನೊಬ್ಬ ಅದನ್ನೇ ಹೇಳಿದಾಗ ಅದಕ್ಕೆ ಬೇರೆಯೇ ತೂಕ ಬರುತ್ತದೆ. 645ರಲ್ಲಿ ಅವನು ವಾಪಸಾದಾಗ ಕಂಡದ್ದನ್ನೆಲ್ಲ ಬರೆದುಕೊಡು ಅಂತ ಕೇಳಿದವನು ಇದೇ ತೈಜಾಂಗ್. ಪಶ್ಚಿಮದ ರಾಜ್ಯಗಳ ಮಾಹಿತಿ ಅವನಿಗೆ ಬೇಕಿತ್ತು. ಬಾದಾಮಿ ಚಾಲುಕ್ಯರನ್ನು ನಾವು ತಿಳಿದಿರುವುದರಲ್ಲಿ ಚೀನಾದ ದೊರೆಯೊಬ್ಬನ ಕುತೂಹಲದ ಪಾಲೂ ಇದೆ ಅನ್ನುವುದನ್ನು ಕನ್ನಡದ ಓದುಗರು ಖಂಡಿತ ಬಿಡದೆ ಓದುತ್ತಾರೆ. ಇದನ್ನು ಬೇರೆಯೇ ಲೇಖನ ಮಾಡಿ.

ಈಗ ನೀವು ಬರೆಯಬೇಕಾದ ಲೇಖನದ ಮಾತಿಗೆ ಬರುತ್ತೇನೆ. ಇಡೀ ಬರಹದಲ್ಲಿ ನಾನು ಎರಡು ಸಲ ಓದಿದ್ದು ಮಿಂಗ್ ವಂಶದ ಕೊನೆಯ ದಿನದ ಪುಟವನ್ನು. 1644ರ ಏಪ್ರಿಲ್‌ನಲ್ಲಿ ಬಂಡಾಯದ ಸೈನ್ಯ ಬೀಜಿಂಗ್ ಹೊಕ್ಕಾಗ ಚಾಂಗ್‌ಜೆನ್ ಚಕ್ರವರ್ತಿ ಅರಮನೆಯ ಹಿಂದಿನ ಜಿಂಗ್‌ಷಾನ್ ಗುಡ್ಡದಲ್ಲಿ ನೇಣು ಹಾಕಿಕೊಂಡ ಭಾಗ. ಅಲ್ಲಿ ನಿಮ್ಮ ಭಾಷೆ ಸಣ್ಣ ವಾಕ್ಯಗಳಿಗೆ ಇಳಿದಿದೆ, ವಿಶೇಷಣಗಳು ಉದುರಿ ಹೋಗಿವೆ. ಆದರೆ ಪುಟದ ಕೊನೆಗೆ ‘ಹೀಗೆ ಭೋಗಜೀವನದಿಂದ ಮಿಂಗ್ ವಂಶವೂ ನಾಶವಾಯಿತು’ ಅಂತ ಬರೆದು ಎಲ್ಲ ಕೆಡಿಸಿದ್ದೀರಿ. ಇವನು ಭೋಗಿ ಅಲ್ಲವೇ ಅಲ್ಲ. 1627ರಲ್ಲಿ, ಇನ್ನೂ ಹದಿನಾರರ ಹುಡುಗನಾಗಿದ್ದಾಗ ಪಟ್ಟಕ್ಕೆ ಬಂದ. ಆಸ್ಥಾನವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ನಪುಂಸಕ ಅಧಿಕಾರಿ ವೆ ಝಾಂಗ್‌ಶಿಯಾನ್‌ನನ್ನು ಬಂದ ಕೂಡಲೇ ಹೊರಗೆ ಹಾಕಿದ. ಹಗಲು ರಾತ್ರಿ ಕಡತ ನೋಡಿದ. ಅವನ ಕುತ್ತು ಅನುಮಾನ. 17 ವರ್ಷದಲ್ಲಿ ಸುಮಾರು 50 ಹಿರಿಯ ಮಂತ್ರಿಗಳು ಬಂದು ಹೋದರು. ಮಂಚುಗಳನ್ನು ತಡೆದು ನಿಲ್ಲಿಸಿದ್ದ ಯುವಾನ್ ಚಾಂಗ್‌ಹುವಾನ್ ಎಂಬ ಸೇನಾಪತಿಯನ್ನು 1630ರಲ್ಲಿ ದ್ರೋಹದ ಆರೋಪ ಹೊರಿಸಿ ಕೊಲ್ಲಿಸಿದ.

ಒಳ್ಳೆಯ ದೊರೆ ಬಂದಿದ್ದರೂ ಉಳಿಯುತ್ತಿತ್ತಾ ಅಂತ ಕೇಳಿ. ವಾಯವ್ಯದ ಷಾನ್‌ಶಿಯಲ್ಲಿ ವರ್ಷಗಟ್ಟಲೆ ಬರ. ಗಡಿ ಯುದ್ಧದ ಖರ್ಚಿಗೆ ರೈತರ ಮೇಲೆ ತೆರಿಗೆಯ ಮೇಲೆ ತೆರಿಗೆ, ಅದೂ ಬೆಳ್ಳಿಯಲ್ಲೇ ಕಟ್ಟಬೇಕು. ಖರ್ಚು ಉಳಿಸಲು ಸರ್ಕಾರ ಅಂಚೆ ಠಾಣೆಗಳನ್ನು ಕಡಿಮೆ ಮಾಡಿತು. ಹಾಗೆ ಕೆಲಸ ಹೋದವರಲ್ಲಿ ಲಿ ಜಿಚೆಂಗ್ ಎಂಬ ಅಂಚೆಯಾಳೂ ಇದ್ದ. ಬೀಜಿಂಗ್ ಹೊಕ್ಕ ಬಂಡಾಯಗಾರ ಅವನೇ. ಅದರ ಹಿಂದಿನ ವರ್ಷ ನಗರದಲ್ಲಿ ಸಾಂಕ್ರಾಮಿಕ ರೋಗ ಹರಡಿ ಕಾವಲಿಗೆ ನಿಲ್ಲುವ ಜನವೂ ಸಾಲದಾಗಿತ್ತು.

ಇನ್ನು ಇದನ್ನು ಬರೆದವರು ಯಾರು? ಲಿ ಜಿಚೆಂಗ್‌ನನ್ನು ಓಡಿಸಿ ಬೀಜಿಂಗ್ ಹಿಡಿದ ಚಿಂಗ್ ದೊರೆಗಳು ಬರೆಸಿದ ಮಿಂಗ್ ಇತಿಹಾಸ ಮುಗಿದದ್ದು 1739ರಲ್ಲಿ, ವಂಶ ಬಿದ್ದು ಸುಮಾರು ನೂರು ವರ್ಷದ ಮೇಲೆ. ಅದರಲ್ಲಿ ಚಾಂಗ್‌ಜೆನ್ ಕೆಟ್ಟವನಲ್ಲ. ನಾವು ಮಿಂಗ್ ರಾಜ್ಯವನ್ನು ಕಿತ್ತುಕೊಳ್ಳಲಿಲ್ಲ, ದೊರೆಯ ಸಾವಿಗೆ ಸೇಡು ತೀರಿಸಲು ಬಂದೆವು ಅನ್ನುವುದು ಚಿಂಗ್ ವಾದವಾಗಿತ್ತು. ಆದ್ದರಿಂದ ಮಿಂಗ್ ನಿಜವಾಗಿ ಸತ್ತದ್ದು ಅವನ ಅಜ್ಜ ವಾನ್ಲಿ ಚಕ್ರವರ್ತಿಯ ಕಾಲದಲ್ಲಿ ಅಂತ ಆ ಇತಿಹಾಸ ಹೇಳುತ್ತದೆ. ಅದರ ಹೆಚ್ಚಿನ ಕೆಲಸ ಮಾಡಿದ ವಾನ್ ಸಿತಾಂಗ್ ಮಿಂಗ್ ನಿಷ್ಠ. ಚಿಂಗ್ ಸರ್ಕಾರದ ಪದವಿಯನ್ನೂ ಸಂಬಳವನ್ನೂ ತೆಗೆದುಕೊಳ್ಳದೆ ದುಡಿದ. ಮಿಂಗ್ ವಂಶದ ಕಥೆ ಸರಿಯಾಗಿ ಉಳಿಯಲಿ ಅನ್ನುವುದೊಂದೇ ಅವನ ಹಂಬಲ. ಇನ್ನೊಂದು ಕಡೆ, ಜುವಾಂಗ್ ತಿಂಗ್‌ಲಾಂಗ್ ಎಂಬವನು ಖಾಸಗಿಯಾಗಿ ಮಾಡಿಸಿದ ಮಿಂಗ್ ಇತಿಹಾಸಕ್ಕಾಗಿ 1663ರಲ್ಲಿ ಸುಮಾರು 70 ಜನರ ತಲೆ ಹೋಯಿತು. ಅಚ್ಚು ಮಾಡಿದವರು, ಪುಸ್ತಕ ಮಾರಿದವರು ಕೂಡ ಅದರಲ್ಲಿ ಸೇರಿದ್ದರು.

ಇಷ್ಟನ್ನೇ ಬರೆಯಿರಿ. ಗುಡ್ಡದ ಮೇಲಿನ ಸಾವು, ಅದಕ್ಕೆ ದಾರಿ ಮಾಡಿದ ಬರ ಮತ್ತು ಬೆಳ್ಳಿಯ ತೆರಿಗೆ, ಆಮೇಲೆ ಅದನ್ನು ಬರೆಯಲು ನಡೆದ ಜಗ್ಗಾಟ. ಉಳಿದ ಒಂಬತ್ತು ವಂಶಗಳನ್ನು ಬಿಡಿ. ಅರಮನೆಯ ವಸ್ತುಗಳ ಬಗ್ಗೆ ಬರೆದ ಕೊನೆಯ ಭಾಗವನ್ನೂ ಎತ್ತಿಡಿ. 1933ರಲ್ಲಿ ಜಪಾನೀಯರ ಭಯಕ್ಕೆ ಅರಮನೆ ವಸ್ತುಸಂಗ್ರಹಾಲಯದ 13,491 ಪೆಟ್ಟಿಗೆಗಳು ಬೀಜಿಂಗ್ ಬಿಟ್ಟು ಹೊರಟದ್ದು, ಕೊನೆಗೆ ಒಂದಷ್ಟು ತೈವಾನ್ ಸೇರಿದ್ದು, ಇದು ಬೇರೆಯೇ ದೊಡ್ಡ ಕಥೆ. ಮುಂದೆ ಎಂದಾದರೂ ಬರೆಯಿರಿ.

ಎರಡು ಸಾವಿರ ಪದ ಸಾಕು. ‘ವೈಭವಯುತ’, ‘ಅದ್ಭುತ’, ‘ಸುವರ್ಣಯುಗ’ ಬೇಡ. ಮಾಹಿತಿ ಎಲ್ಲಿಂದ ತೆಗೆದುಕೊಂಡಿರಿ ಅಂತ ನನಗೆ ಬೇರೆ ಹಾಳೆಯಲ್ಲಿ ಕಳಿಸಿ. ಯಾವ ವಂಶದವರು ಬರೆಸಿದ ಇತಿಹಾಸ ಅನ್ನುವುದನ್ನು ಪ್ರತಿಯೊಂದರ ಮುಂದೆಯೂ ಗುರುತು ಹಾಕಿ. ಹೊಸ ಕರಡು ಬಂದ ಕೂಡಲೇ ಓದುತ್ತೇನೆ.

ಪ್ರೀತಿಯಿಂದ,
ಸಂಪಾದಕ