ನಾಳೆ ಕಳಿಸಬೇಡಿ ಮೇಡಂ, ಇನ್ನೊಂದು ಸಲ ಕೂತು ಕೇಳಿ

ಮೇಡಂ, ನಿಮ್ಮ ಪೋಸ್ಟ್ ಓದಿದೆ. ಬರೆದ ಕಥೆಯನ್ನು ಫೋನಿನ ಯಂತ್ರದ ದನಿಯಲ್ಲಿ ಓದಿಸಿ ತಪ್ಪು ನೋಡಿದ್ದೀರಿ, ನಾಳೆ ಸ್ಪರ್ಧೆಗೆ ಕಳಿಸುತ್ತೀರಿ ಅಂತ ಹಾಕಿದ್ದೀರಿ. ದಯವಿಟ್ಟು ನಾಳೆಯೇ ಕಳಿಸಬೇಡಿ. ಕೊನೇ ದಿನಕ್ಕೆ ಇನ್ನೂ ಒಂದು ವಾರ ಇದೆ ಅಂತ ನೀವೇ ಬರೆದಿದ್ದೀರಿ. "ಫೋನಿನಲ್ಲಿ ಒಂದೂವರೆ ಸ್ಪೀಡಿಗೆ ಹಾಕಿಕೊಂಡು, ಅಡುಗೆ ಮಾಡುತ್ತಾ ಪೂರ್ತಿ ಕೇಳಿದೆ, ಒಂದೂ ತಪ್ಪು ಸಿಗಲಿಲ್ಲ" ಅಂದಿದ್ದೀರಿ. ಅದರ ಕೆಳಗೆ ಎಲ್ಲರೂ ಸೂಪರ್ ಅಂತ ಹಾಕಿದ್ದಾರೆ. ಒಬ್ಬರಾದರೂ ತಡೆಯಬೇಕಿತ್ತು. ಒಗ್ಗರಣೆ ಸದ್ದಿನಲ್ಲಿ ಕೇಳಿದರೆ ಕಥೆ ಗೊತ್ತಾಗುತ್ತದೆ, ಅಕ್ಷರ ಗೊತ್ತಾಗುವುದಿಲ್ಲ.

ನಾನೂ ಹೀಗೇ ಮಾಡಿದ್ದೆ. ನಮ್ಮೂರ ದೇವಸ್ಥಾನದ ಸ್ಮರಣ ಸಂಚಿಕೆಗೆ ಅಪ್ಪನ ಬಗ್ಗೆ ಒಂದು ಲೇಖನ ಬರೆದೆ. ಸಕಲೇಶಪುರದಿಂದ ಹಾಸನಕ್ಕೆ ಕಾರಿನಲ್ಲಿ ಬರುವಾಗ ಫೋನಿನಿಂದ ಓದಿಸಿದೆ. ಬಾಳ್ಳುಪೇಟೆ ಹತ್ತಿರ ಲಾರಿಗಳ ಸಾಲು, ಗಮನವೆಲ್ಲ ರಸ್ತೆ ಮೇಲೆ. ಕೇಳಿದ್ದಾಯಿತು, ಚೆನ್ನಾಗಿದೆ ಅಂತ ಅವತ್ತೇ ಕಳಿಸಿದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: "ಆ ವರ್ಷ ಹೂಮಳೆ ಕೈಕೊಟ್ಟಿತು, ಅಪ್ಪ ಬೆಲೆ ಕಳೆದುಕೊಂಡರು." ನಾನು ಬರೆಯಬೇಕಿದ್ದದ್ದು "ಬೆಳೆ". ಸಂಚಿಕೆ ಬಿಡುಗಡೆಯ ದಿನ ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮಪ್ಪ ಯಾವಾಗ ಬೆಲೆ ಕಳ್ಕೊಂಡಿದ್ರೋ?" ಅಂತ ಕೇಳಿದರು. ಉತ್ತರ ಕೊಡಲು ಬಾಯಿ ಬರಲಿಲ್ಲ. ಮನೆಗೆ ಬಂದಿದ್ದ ಪ್ರತಿಗಳಲ್ಲಿ ಪೆನ್ನಿನಿಂದ ತಿದ್ದಿದೆ. ಹಂಚಿಹೋದವು ಹಾಗೇ ಉಳಿದವು.

ಫೋನು ಅದನ್ನು ಸರಿಯಾಗಿಯೇ ಓದಿತ್ತು, ಬೆಲೆ ಅಂತಲೇ. ನನ್ನ ಕಿವಿ ಬೆಳೆ ಅಂತ ಕೇಳಿಸಿಕೊಂಡಿತು. ಬರೆದವರಿಗೆ ಮುಂದೆ ಏನು ಬರುತ್ತದೆ ಅಂತ ಮೊದಲೇ ಗೊತ್ತಲ್ವಾ? ಕಿವಿ ಅದನ್ನೇ ತುಂಬಿಕೊಳ್ಳುತ್ತದೆ. ಸ್ಪೀಡ್ ಜಾಸ್ತಿ ಮಾಡಿದಷ್ಟೂ ಜಾಸ್ತಿ ತುಂಬಿಕೊಳ್ಳುತ್ತದೆ. ಕನ್ನಡ ಟೈಪ್ ಮಾಡುವ ನುಡಿ ಕೀಲಿಮಣೆಯಲ್ಲಿ ಶಿಫ್ಟ್ ಸರಿಯಾಗಿ ಬೀಳದಿದ್ದರೆ ಳ ಹೋಗಿ ಲ ಕೂರುತ್ತದೆ, ಣ ಹೋಗಿ ನ ಕೂರುತ್ತದೆ. ಬೆಲೆಯೂ ಪದ, ಬೆಳೆಯೂ ಪದ. ಹಾಗಾಗಿ ಸ್ಪೆಲ್ ಚೆಕ್ ಕೆಂಪು ಗೆರೆ ಹಾಕುವುದಿಲ್ಲ.

ಈಗ ನಾನು ಮಾಡುವುದು ಹೇಳುತ್ತೇನೆ. ಬರೆದ ಮೇಲೆ ಎರಡು ದಿನ ಮುಟ್ಟುವುದಿಲ್ಲ. ಆಮೇಲೆ ಬಾಗಿಲು ಹಾಕಿಕೊಂಡು ಕೂತು, ಕಣ್ಣು ಮುಚ್ಚಿ, ಮಾಮೂಲಿ ಸ್ಪೀಡಿನಲ್ಲಿ ಒಂದು ಸಲ ಪೂರ್ತಿ ಕೇಳುತ್ತೇನೆ. ಎಲ್ಲಿ ಬೇಜಾರಾಯಿತು, ಎಲ್ಲಿ ಉಸಿರು ಕಟ್ಟಿತು, ಅಷ್ಟೇ ನೋಡುವುದು. ಮಾರನೇ ದಿನ ಪ್ರಿಂಟ್ ತೆಗೆದು, ಸ್ಪೀಡನ್ನು ಮಾಮೂಲಿಗಿಂತ ಸ್ವಲ್ಪ ಇಳಿಸಿ, ಪೆನ್ಸಿಲ್ ತುದಿಯನ್ನು ಪದಪದದ ಕೆಳಗೆ ಸರಿಸುತ್ತಾ ಕೇಳುತ್ತೇನೆ. ಅದೂ ಕೊನೇ ಪ್ಯಾರಾದಿಂದ ಮೊದಲನೆಯದಕ್ಕೆ. ಉಲ್ಟಾ ಹೋದರೆ ಕಥೆ ನಮ್ಮನ್ನು ಎಳೆದುಕೊಂಡು ಹೋಗುವುದಿಲ್ಲ, ಪದ ಮಾತ್ರ ಉಳಿಯುತ್ತದೆ. ಕೇಳುವಾಗ ತಿದ್ದಬೇಡಿ. ಸುಮ್ನೆ ಗುರುತು ಹಾಕಿ ಮುಂದೆ ಹೋಗಿ. ಒಂದು ವಾಕ್ಯ ತಿದ್ದಲು ನಿಂತರೆ ಮುಂದಿನ ಮೂರು ವಾಕ್ಯ ಕಿವಿಗೆ ಬೀಳುವುದಿಲ್ಲ.

ದನಿಯ ವಿಷಯ. ಕಂಪ್ಯೂಟರಿನ ಎಡ್ಜ್ ಬ್ರೌಸರಿನಲ್ಲಿ ಪುಟ ತೆರೆದು ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿದರೆ ಓದಲು ಶುರುಮಾಡುತ್ತದೆ. ಕನ್ನಡಕ್ಕೆ ಸಪ್ನಾ, ಗಗನ್ ಅಂತ ಎರಡು ದನಿ ಇವೆ. ಎರಡೂ ಚೆನ್ನಾಗಿವೆ. ನನ್ನ ತಕರಾರೂ ಅದೇ. ಅಷ್ಟು ಇಂಪಾದ ದನಿಯಲ್ಲಿ ಸೊಟ್ಟ ವಾಕ್ಯವೂ ನೆಟ್ಟಗೆ ಕೇಳಿಸುತ್ತದೆ. ಮೊದಲನೇ ಸಲಕ್ಕೆ ಅವು ಸರಿ. ತಪ್ಪು ಹುಡುಕಲು ನನಗೆ ಓದುವ ತಂತ್ರಾಂಶವಾದ ಇಸ್ಪೀಕ್‌ನ ಒರಟು ದನಿಯೇ ಬೇಕು. ಕಣ್ಣು ಕಾಣದವರು ಬಳಸುವ, ಪರದೆ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶದ ಜೊತೆ ಅದು ಪುಕ್ಕಟೆ ಬರುತ್ತದೆ. ಅನುಮಾನ ಬಂದ ಪದದ ಮೇಲೆ ಬಾಣದ ಕೀಲಿ ಒತ್ತುತ್ತಾ ಹೋದರೆ ಅಕ್ಷರ ಅಕ್ಷರವಾಗಿ ಓದುತ್ತದೆ. ಫೋನೇ ಸಾಕು ಅನ್ನುವವರಿಗೆ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಸೆಲೆಕ್ಟ್ ಟು ಸ್ಪೀಕ್ ಇದೆ, ಆರಿಸಿದ್ದನ್ನು ಓದುತ್ತದೆ. ಕನ್ನಡ ದನಿಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಎಡ್ಜ್‌ನ ದನಿಗಳಿಗೆ ನೆಟ್ ಬೇಕು. ನಮ್ಮ ಕಡೆ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಅಂತ ನಿಮಗೆ ಹೇಳಬೇಕಾಗಿಲ್ಲ. ಓದಿಸಲು ಅಂತ, ಹೆಸರೇ ಕೇಳಿರದ ಯಾವುದೋ ವೆಬ್‌ಸೈಟಿಗೆ ಸ್ಪರ್ಧೆಯ ಕಥೆಯನ್ನು ಅಂಟಿಸಬೇಡಿ.

ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯಾವ ದನಿಯೂ ಓದಲಾರದು. ಒಳಗಿರುವುದು ಕನ್ನಡ ಅಕ್ಷರವೇ ಅಲ್ಲ. ಕನ್ನಡ ಅಕ್ಷರವನ್ನೇ ಇಡುವ ಯೂನಿಕೋಡಿಗೆ ಬದಲಿಸಿಕೊಂಡು, ಒತ್ತಕ್ಷರಗಳನ್ನು ಒಮ್ಮೆ ನೋಡಿ. ಪಿಡಿಎಫ್‌ನಿಂದ ಓದಿಸಬೇಡಿ, ಎಷ್ಟೋ ಸಲ ಕಾಗುಣಿತ ಹಿಂದುಮುಂದಾಗುತ್ತದೆ. ಇನ್ನೊಂದು, ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ ಹಾಕುವ ಅಭ್ಯಾಸ ಬಿಡಿ. "ಅ೦ಗಡಿ" ಅಂತ ಸೊನ್ನೆ ಹಾಕಿ ಬರೆದರೆ ಕಣ್ಣಿಗೆ ಸರಿಯಾಗೇ ಕಾಣುತ್ತದೆ, ಯಂತ್ರ ಅಲ್ಲಿ ಮುಗ್ಗರಿಸುತ್ತದೆ. ವಿಸರ್ಗಕ್ಕೆ ಕೋಲನ್ ಹಾಕುವುದೂ ಇದೇ ಜಾತಿಯ ತಪ್ಪು.

ಕಿವಿಗೆ ಸಿಗದ ತಪ್ಪುಗಳೂ ಇವೆ. ಶ, ಷ ಎರಡೂ ಒಂದೇ ಥರ ಕೇಳುತ್ತವೆ. ಮಹಾಪ್ರಾಣ ನಮ್ಮ ಮಾತಿನಲ್ಲೇ ಕಡಿಮೆ, ಹಾಗಾಗಿ ಅದು ತಪ್ಪಿದರೂ ನಮ್ಮ ಕಿವಿಗೆ ಚುಚ್ಚುವುದಿಲ್ಲ. ಅದಕ್ಕೆ ಕಣ್ಣು ಮತ್ತು ನಿಘಂಟೇ ಗತಿ. ಕಿವಿ ಚೆನ್ನಾಗಿ ಹಿಡಿಯುವುದು ಬಿಟ್ಟುಹೋದ ಪದ, ಎರಡು ಸಲ ಬಂದ ಪದ, "ಅವರು ಬಂದ" ಥರದ ಎಡವಟ್ಟು, ಸಾಲಾಗಿ ಐದು ವಾಕ್ಯ "ಇತ್ತು" ಅಂತಲೇ ಮುಗಿಯುವುದು.

ಮೇಲಿನ ಕಾಮೆಂಟಿನಲ್ಲಿ ಒಬ್ಬರು, ಸಂಭಾಷಣೆಯನ್ನು ಯಂತ್ರ ಸರಿಯಾಗಿ ಓದುತ್ತಿಲ್ಲ, ಗ್ರಾಂಥಿಕ ಮಾಡಿ ಅಂತ ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಮಾಡಬೇಡಿ. "ಬತ್ತೀನಿ ಕಣವ್ವ" ಅನ್ನುವುದು ಯಂತ್ರದ ಬಾಯಲ್ಲಿ ಕೆಟ್ಟದಾಗಿ ಕೇಳಿದರೆ ಅದು ಯಂತ್ರದ ಕೊರತೆ. ನಾನು ನೋಡಿದ ಪುಟದಲ್ಲಿ ನಿಮ್ಮ ಅಜ್ಜಿ ಪಾತ್ರ ಜೀವಂತ ಇರುವುದೇ ಆ ಮಾತಿನಿಂದ. ಸಂಭಾಷಣೆಯನ್ನು ನೀವೇ ಬಾಯಿಬಿಟ್ಟು ಓದಿ, ಇಲ್ಲವೇ ಮನೆಯ ಹುಡುಗರ ಕೈಲಿ ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಗುರುತು ಹಾಕಿ. ಯಂತ್ರ ನಿಲ್ಲಲಿ ಅಂತ ಕಂಡಕಂಡಲ್ಲಿ ಅಲ್ಪವಿರಾಮ ಹಾಕುವುದೂ ಬೇಡ. ಉಸಿರು ಸಾಲದಿದ್ದರೆ ವಾಕ್ಯವನ್ನು ಎರಡು ಮಾಡಿ.

ನೀವು ಇಲ್ಲಿ ಹಾಕಿರುವ ಎರಡನೇ ಪುಟದ ಫೋಟೋ ನೋಡಿ, ಮೇಲಿನಿಂದ ನಾಲ್ಕನೇ ಸಾಲು. "ಅಜ್ಜಿ ಹಾಳು ಕಾಯಿಸಲು ಇಟ್ಟಳು" ಅಂತಿದೆ. ಅದು ಹಾಲು ಆಗಬೇಕು. ನನಗೆ ಕಂಡಿದ್ದು ಒಂದೇ ಪುಟ. ಉಳಿದ ಹನ್ನೊಂದನ್ನು ಈ ವಾರ ನಿಧಾನಕ್ಕೆ ಕೂತು ಕೇಳಿ ಮೇಡಂ.