ದೇವರಿಗೆ ಅಷ್ಟೆಲ್ಲ ವಿವರ ಯಾಕೆ?

ನಿಮ್ಮ ಪತ್ರ ಓದಿ ಸಿಟ್ಟು ಬಂತು ಸೋದರಿ. ನಿಮ್ಮ ಮೇಲೆ ಸ್ವಲ್ಪ, ಇನ್ನೊಬ್ಬರ ಮೇಲೆ ಜಾಸ್ತಿ.

ಉಳಿದ ಓದುಗರಿಗೆ ವಿಷಯ ಇಷ್ಟು. ಇವರ ತಂಗಿಗೆ ಎರಡನೇ ಸಲವೂ ಗರ್ಭಪಾತವಾಯಿತು. ಅಕ್ಕ ತಮ್ಮ ಸಭೆಯ ಪ್ರಾರ್ಥನಾಕೂಟದಲ್ಲಿ, ಅವಳಿಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡರು. ಸ್ವಲ್ಪ ದಿನದ ನಂತರ ಒಂದು ಮದುವೆಯಲ್ಲಿ, ಗುರುತೇ ಇಲ್ಲದ ಹೆಂಗಸೊಬ್ಬರು ತಂಗಿಯ ಎರಡೂ ಕೈ ಹಿಡಿದುಕೊಂಡು, "ಎರಡನೇದೂ ಹೋಯ್ತಂತಲ್ಲಮ್ಮಾ, ನಾವೆಲ್ಲ ಪ್ರಾರ್ಥನೆ ಮಾಡ್ತಿದ್ದೀವಿ" ಎಂದರು. ಪಕ್ಕದಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ತಂಗಿ ಊಟ ಮಾಡದೆ ಹೊರಟುಹೋದಳು. ಅಂದಿನಿಂದ ಅಕ್ಕನ ಫೋನ್ ಎತ್ತುತ್ತಿಲ್ಲ. ಬಂದಿದ್ದು ಒಂದೇ ಮೆಸೇಜ್: "ನನಗೋಸ್ಕರ ಪ್ರಾರ್ಥನೆ ಮಾಡೋದು ನಿಲ್ಲಿಸು."

ನೀವು ಕೇಳಿದ್ದು, ತಂಗಿ ದೇವರಿಂದ ದೂರ ಹೋಗುತ್ತಿದ್ದಾಳಾ ಎಂದು. ಅವಳ ಮಾತು ಕೇಳಿ ಪ್ರಾರ್ಥನೆ ಬಿಟ್ಟರೆ ಪಾಪವಲ್ಲವಾ ಎಂದು. ಬೈಬಲಿನಲ್ಲಿ ಪ್ರವಾದಿ ಸಮುವೇಲ ಜನರಿಗೆ ಹಾಗೆ ಹೇಳಿದ್ದನ್ನೂ (1 ಸಮುವೇಲ 12:23) ನೆನಪಿಸಿದ್ದೀರಿ.

ಆದರೆ ಪತ್ರದ ನಡುವೆ ಒಂದು ಸಾಲು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. "ಕೂಟ ನಡೆಸುವವರು, ಸರಿಯಾಗಿ ಹೇಳಿದರೆ ಗುರಿಯಿಟ್ಟು ಪ್ರಾರ್ಥಿಸಬಹುದು ಅಂದರು, ಹಾಗಾಗಿ ಎಲ್ಲ ಹೇಳಿದೆ." ಎಲ್ಲ ಅಂದರೆ? ಎಷ್ಟನೇ ತಿಂಗಳು, ಡಾಕ್ಟರ್ ಏನಂದರು, ಅತ್ತೆ ಏನಂದರು. ಎಷ್ಟು ಸಲ ಹೇಳಿದ್ದರೂ ಮತ್ತೆ ಹೇಳುತ್ತೇನೆ: ಒಬ್ಬರ ನೋವಿನ ಕಥೆ ಅವರ ಸ್ವತ್ತು. ಒಡಹುಟ್ಟಿದವರಾದರೂ ಅದರಲ್ಲಿ ನಮಗೆ ಪಾಲಿಲ್ಲ.

ನನ್ನ ಸಿಟ್ಟೆಲ್ಲ ಆ ಕೂಟ ನಡೆಸುವವರ ಮೇಲೆ. ಕೇಳುವ ಮೊದಲೇ ನಿಮಗೇನು ಬೇಕೆಂದು ತಂದೆಗೆ ಗೊತ್ತು ಎಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲೇ ಇದೆ. ಮತ್ತೆ ಆ ವಿವರ ಯಾರಿಗೆ ಬೇಕಿತ್ತು? ಲಾಜರ ಕಾಯಿಲೆ ಬಿದ್ದಾಗ ಮಾರ್ಥ ಮರಿಯಳು ಯೇಸುವಿಗೆ ಕಳಿಸಿದ ಸುದ್ದಿ ನೋಡಿ. ನೀನು ಪ್ರೀತಿಸುವವನಿಗೆ ಹುಷಾರಿಲ್ಲ, ಅಷ್ಟೇ. ಯಾವ ಕಾಯಿಲೆ, ಎಷ್ಟು ದಿನದಿಂದ, ಒಂದೂ ಇಲ್ಲ. ಬಂದು ವಾಸಿ ಮಾಡು ಎಂದು ಕೂಡ ಕೇಳಲಿಲ್ಲ. ಒಡಹುಟ್ಟಿದವನಿಗಾಗಿ ಬೇಡುವುದನ್ನು ಆ ಅಕ್ಕ ತಂಗಿಯರಿಂದ ಕಲಿಯಬೇಕು.

ಪ್ರಾರ್ಥನೆಯಿಂದ ಯಾರಿಗೆ ತಾನೇ ನೋವಾಗುತ್ತದೆ ಎಂದೂ ಕೇಳಿದ್ದೀರಿ. ಅಮೆರಿಕದಲ್ಲಿ ಹೃದಯದ ಬೈಪಾಸ್ ಆದ 1,802 ರೋಗಿಗಳ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ನಿಮಗಾಗಿ ಖಂಡಿತ ಪ್ರಾರ್ಥನೆ ನಡೆಯುತ್ತದೆ ಎಂದು ತಿಳಿಸಿದವರಲ್ಲಿ ಶೇ. 59 ಮಂದಿಗೆ ಆಪರೇಷನ್ ನಂತರ ತೊಂದರೆಗಳಾದವು. ಪ್ರಾರ್ಥನೆ ನಡೆಯುತ್ತಿದ್ದರೂ ಅದು ಖಚಿತವಾಗಿ ಗೊತ್ತಿಲ್ಲದವರಲ್ಲಿ ಶೇ. 52. ಆ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ದೇವರನ್ನು ಹೀಗೆ ಅಳೆಯಬಹುದು ಎಂದು ನಾನು ನಂಬುವುದಿಲ್ಲ. ಆದರೆ ಮಲಗಿದವರ ಭಯ ನನಗೆ ಅರ್ಥವಾಗುತ್ತದೆ. ನನಗಾಗಿ ಇಷ್ಟು ಜನ ಸೇರಿದ್ದಾರೆ ಅಂದರೆ ನನ್ನ ಸ್ಥಿತಿ ಅಷ್ಟು ಕೆಟ್ಟಿದೆಯಾ ಅನ್ನಿಸುವುದಿಲ್ಲವಾ? ನಿಮ್ಮ ತಂಗಿಗೆ ಅದರ ಜೊತೆಗೆ ನಾಚಿಕೆಯೂ ಸೇರಿತು.

ಅವಳು ದೇವರಿಂದ ದೂರ ಹೋಗಿಲ್ಲ. ಹೋಗಿದ್ದರೂ ಅದು ಈ ಪತ್ರದಿಂದ ಗೊತ್ತಾಗುವ ವಿಷಯವಲ್ಲ. ದೂರ ಸರಿದಿರುವುದು ನಿಮ್ಮಿಂದ.

ಸಮುವೇಲನ ಮಾತಿಗೆ ಬರೋಣ. ಅದಕ್ಕಿಂತ ನಾಲ್ಕು ವಚನ ಹಿಂದೆ ಹೋಗಿ ಓದಿ. ನಮಗಾಗಿ ಪ್ರಾರ್ಥಿಸು ಎಂದು ಜನರೇ ಅವನ ಬಳಿ ಬಂದು ಬೇಡಿದ್ದರು. ನಿಮ್ಮ ತಂಗಿ ಬೇಡಲಿಲ್ಲ. ಹಾಗಂತ ನಿಲ್ಲಿಸಿ ಅನ್ನುತ್ತಿಲ್ಲ. ಶಿಲುಬೆಯ ಮೇಲೆ ಯೇಸು ಯಾರಿಗಾಗಿ ಬೇಡಿಕೊಂಡನೋ ಅವರೂ ಕೇಳಿರಲಿಲ್ಲ. ನಿಮ್ಮ ಕೋಣೆಯ ಬಾಗಿಲು ಹಾಕಿಕೊಂಡು, ಒಬ್ಬರೇ, ಅವಳ ಹೆಸರಷ್ಟೇ ಹೇಳಿ. ಮಾತು ಬರದಿದ್ದರೂ ಪರವಾಗಿಲ್ಲ. ಏನು ಬೇಡಬೇಕೆಂದು ತೋಚದಾಗ ಪವಿತ್ರಾತ್ಮನೇ ನಮ್ಮ ಪರವಾಗಿ ಬೇಡುತ್ತಾನೆ ಎಂದು ಪೌಲ ಬರೆದಿದ್ದಾನೆ.

ಆದರೆ ಅದಕ್ಕೂ ಮೊದಲು ಆಗಬೇಕಾದ್ದು ಒಂದಿದೆ. ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿರಿ ಎಂಬ ಯಾಕೋಬನ ಮಾತು ಎಲ್ಲರ ಬಾಯಲ್ಲೂ ಇದೆ. ಅದೇ ವಚನದಲ್ಲಿ, ಅದಕ್ಕಿಂತ ಮೊದಲು, ನಿಮ್ಮ ತಪ್ಪನ್ನು ಒಬ್ಬರಿಗೊಬ್ಬರು ಒಪ್ಪಿಕೊಳ್ಳಿರಿ ಎಂದೂ ಇದೆ. ಆದ್ದರಿಂದ ಈ ವಾರವೇ ತಂಗಿಯ ಮನೆಗೆ ಹೋಗಿ. ಪಾಸ್ಟರನ್ನು ಕರೆದುಕೊಂಡು ಹೋಗಬೇಡಿ. "ನಿನ್ನ ವಿಷಯ ನಿನ್ನನ್ನ ಕೇಳದೆ ಹೇಳಿಬಿಟ್ಟೆ ಕಣೇ, ತಪ್ಪಾಯ್ತು" ಅನ್ನಿ. ಒಳ್ಳೇದಕ್ಕೇ ಹೇಳಿದೆ ಎಂದು ಸೇರಿಸಬೇಡಿ. ಪ್ರಾರ್ಥನೆ ಎಂಬ ಮಾತನ್ನೇ ಎತ್ತಬೇಡಿ. ಅವಳು ಬೈದರೆ ಬೈಸಿಕೊಳ್ಳಿ, ಅತ್ತರೆ ಪಕ್ಕದಲ್ಲಿ ಕೂತಿರಿ. ಬಾಗಿಲೇ ತೆಗೆಯದಿದ್ದರೆ ಅದೇ ಮಾತನ್ನು ಚೀಟಿಯಲ್ಲಿ ಬರೆದಿಟ್ಟು ಬನ್ನಿ, ಕೆಳಗೆ ವಚನ ಬೇಡ.

ಮುಂದಿನ ಕೂಟದಲ್ಲಿ ತಂಗಿ ಹೇಗಿದ್ದಾಳೆ ಎಂದು ಯಾರಾದರೂ ಕೇಳಿದರೆ, ಅದು ಅವಳ ವಿಷಯ ಎಂದು ಹೇಳಿ.